ನೆಲ ಕೊಳ್ಳುವ ಮೊದಲೇ ಮಾರಿದ ಕಂಪನಿ

1839ರಲ್ಲಿ ಲಂಡನ್ನಿನ ನ್ಯೂಜಿಲೆಂಡ್ ಕಂಪನಿ ತಾನಿನ್ನೂ ಕೊಂಡಿರದ ಭೂಮಿಯನ್ನು ಮಾರಿತು. ಪಾಲೊಂದಕ್ಕೆ 101 ಪೌಂಡ್: ಪಟ್ಟಣದಲ್ಲಿ ಒಂದು ಎಕರೆ, ಹೊರಗೆ 100 ಎಕರೆ. 1,100 ಪಾಲುಗಳಲ್ಲಿ 110 ಪಾಲು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಮೀಸಲು. ಉಳಿದ 990 ಪಾಲುಗಳ ಬೆಲೆ ಒಂದು ಲಕ್ಷ ಪೌಂಡಿಗೆ ಹತ್ತೇ ಕಡಿಮೆ. ಮೊದಲು ಆರಿಸಿಕೊಳ್ಳುವ ಸರದಿ ಯಾರದೆಂದು ಚೀಟಿ ಎತ್ತಿ ನಿರ್ಧರಿಸಿದರು. ಬ್ರೋಷರ್ ನೋಡಿ ಸೈಟ್ ಬುಕ್ ಮಾಡುವ ನಮಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಜಾಗ ಖರೀದಿಸಲು ಮೇ ತಿಂಗಳಲ್ಲಿ ಹೊರಟಿದ್ದ ‘ಟೋರಿ’ ಹಡಗು ಆಗಿನ್ನೂ ಸಮುದ್ರದಲ್ಲೇ ಇತ್ತು.

ಇದರ ಹಿಂದಿನ ತಲೆ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್‌ನದು. ಶ್ರೀಮಂತರ ಮನೆಯ ಹುಡುಗಿಯೊಬ್ಬಳನ್ನು ಮೋಸದಿಂದ ಕರೆದೊಯ್ದು ಮದುವೆಯಾಗಿ ಜೈಲು ಸೇರಿದ್ದವನು, ಅಲ್ಲೇ ಕೂತು ವಸಾಹತು ಕಟ್ಟುವ ಸಿದ್ಧಾಂತ ಹೆಣೆದ. ಹೊಸ ನಾಡಿನಲ್ಲಿ ಭೂಮಿ ಅಗ್ಗವಾದರೆ ಕೂಲಿಯವನೂ ಮರುದಿನವೇ ಜಮೀನುದಾರನಾಗುತ್ತಾನೆ, ದುಡಿಯುವವರೇ ಸಿಗುವುದಿಲ್ಲ. ಆದ್ದರಿಂದ ಬೆಲೆ ಏರಿಸಿಡಿ, ಆ ಹಣದಲ್ಲೇ ಕೂಲಿಕಾರರನ್ನು ಹಡಗು ಹತ್ತಿಸಿ ಎಂದ. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಕೂಡಿಬಂತು. ಆದರೆ ಪಾಲು ಕೊಂಡವರಲ್ಲಿ ಬಹಳ ಮಂದಿ ಬೆಲೆ ಏರಲೆಂದು ಇಂಗ್ಲೆಂಡಿನಲ್ಲೇ ಉಳಿದರು. ಹಡಗು ಹತ್ತಿ ಬಂದ ಕೂಲಿಕಾರರಿಗೆ ಕೆಲಸ ಕೊಡುವ ಧಣಿಗಳೇ ಸಾಕಷ್ಟು ಇರಲಿಲ್ಲ.

‘ಟೋರಿ’ ಸೆಪ್ಟೆಂಬರ್ 20ರಂದು ಈಗಿನ ವೆಲಿಂಗ್ಟನ್ ಬಂದರು ತಲುಪಿತು. 27ಕ್ಕೆಲ್ಲ ಕ್ರಯಪತ್ರ ಸಿದ್ಧ. ಕೊಟ್ಟ ಸಾಮಾನುಗಳಲ್ಲಿ ಕೋವಿ, ಕೆಂಪು ಕಂಬಳಿಗಳ ಜೊತೆ ಛತ್ರಿ, ಮಲಗುವಾಗ ಹಾಕುವ ಟೋಪಿ, ಮೊಹರಿನ ಅರಗು ಕೂಡ ಇದ್ದವು. ಮಾವೊರಿಗಳಲ್ಲಿ ನೆಲ ಇಡೀ ಕುಲಕ್ಕೆ ಸೇರಿದ್ದು. ಒಂದೇ ಜಾಗಕ್ಕೆ ಹಲವು ಕುಲಗಳ ಹಕ್ಕೂ ಇರುತ್ತಿತ್ತು. ಇದನ್ನೆಲ್ಲ ವಿಚಾರಿಸಲು ಒಂದು ವಾರ ಎಲ್ಲಿ ಸಾಕು?

1840ರ ಜನವರಿಯಲ್ಲಿ ವಸಾಹತುಗಾರರ ಮೊದಲ ಹಡಗು ಬಂದಾಗ ಸರ್ವೆಯವರು ಕಾಲಿಟ್ಟು ಕೆಲವೇ ವಾರಗಳಾಗಿದ್ದವು. ಹಟ್ ನದಿಯ ಬಯಲಲ್ಲಿ ನೇರ ಬೀದಿಗಳ ಪಟ್ಟಣ ಎದ್ದೇಳಬೇಕಿತ್ತು. ಎದ್ದದ್ದು ನೆರೆ. ಊರನ್ನು ಬಂದರಿನ ಇನ್ನೊಂದು ದಡಕ್ಕೆ ಸರಿಸಿದರು. ಅಲ್ಲಿ ಆಗಲೇ ಮಾವೊರಿ ಊರುಗಳೂ ತೋಟಗಳೂ ಇದ್ದವು. ಸುತ್ತಲೂ ಕಡಿದಾದ ಗುಡ್ಡ. ಎಲ್ಲರಿಗೂ 100 ಎಕರೆ ಎಲ್ಲಿಂದ ತರುವುದು? ಕಂಪನಿ ಸುಮಾರು 200 ಕಿ.ಮೀ. ದೂರದ ವಾಂಗನುಯಿಯಲ್ಲಿ ಜಾಗ ಹುಡುಕಬೇಕಾಯಿತು.

ಕಂಪನಿಯ ಇನ್ನೊಂದು ವಸಾಹತಾದ ನೆಲ್ಸನ್‌ನಲ್ಲೂ ಇದೇ ಕಥೆ. ಮಾರಿದಷ್ಟು ಸಮತಟ್ಟು ನೆಲ ಸಿಗದೆ ಕಂಪನಿ ವೈರಾವ್ ಕಣಿವೆಗೆ ಸರ್ವೆಯವರನ್ನು ಕಳಿಸಿತು. ಅದನ್ನು ತಾವು ಮಾರಿಲ್ಲ ಎಂದರು ಮಾವೊರಿ ನಾಯಕರಾದ ತೆ ರೌಪರಾಹ, ತೆ ರಂಗಿಹೈಆಟ. ಸರ್ವೆಯವರ ಸಾಮಾನನ್ನು ಜೋಪಾನವಾಗಿ ಹೊರಗಿಟ್ಟು ಗುಡಿಸಲುಗಳಿಗಷ್ಟೇ ಬೆಂಕಿ ಇಟ್ಟರು: ಸಾಮಾನು ನಿಮ್ಮದು, ಗುಡಿಸಲಿನ ಮರ-ಹುಲ್ಲು ನಮ್ಮ ನೆಲದ್ದು. ಆಸ್ತಿಯ ವಿಷಯದಲ್ಲಿ ಇಷ್ಟು ಸ್ಪಷ್ಟತೆ ಕಂಪನಿಯ ಕಾಗದಪತ್ರಗಳಲ್ಲಿ ಸಿಗುವುದಿಲ್ಲ. ಆ ನಾಯಕರನ್ನು ಬಂಧಿಸಲು ನೆಲ್ಸನ್‌ನಿಂದ ಹೋದ ತಂಡದೊಂದಿಗೆ 1843ರ ಜೂನ್ 17ರಂದು ಗುಂಡಿನ ಚಕಮಕಿ ನಡೆದು 22 ಮಂದಿ ಬಿಳಿಯರು ಸತ್ತರು. ಅವರಲ್ಲೊಬ್ಬ ವೇಕ್‌ಫೀಲ್ಡ್‌ನ ತಮ್ಮ ಆರ್ಥರ್. ಮಾವೊರಿಗಳಲ್ಲೂ ಕನಿಷ್ಠ ನಾಲ್ವರು ಸತ್ತರು.

1850ರಲ್ಲಿ ಕಂಪನಿ ತನ್ನ ಸನದನ್ನು (ಅಧಿಕಾರಪತ್ರ) ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಅದರ 2,68,000 ಪೌಂಡಿಗೂ ಮಿಕ್ಕಿದ ಬಾಕಿ ವಸಾಹತಿನ ತಲೆಗೆ ಬಂತು. ಹತ್ತರಲ್ಲೊಂದು ಪಾಲು ಮಾವೊರಿಗಳಿಗೆ ಮೀಸಲೆಂಬ ಮಾತೂ ಮಾತಾಗಿಯೇ ಉಳಿಯಿತು. ನೆಲ್ಸನ್‌ನಲ್ಲಿ ಮಾವೊರಿಗಳಿಗೆ 15,100 ಎಕರೆ ಸಿಗಬೇಕಿತ್ತು. ಮೀಸಲಿಟ್ಟದ್ದು ಸುಮಾರು 5,100. ಅಷ್ಟನ್ನೂ ಮೀಸಲಿಡುವ ಹೊಣೆ ಸರ್ಕಾರದ ಮೇಲಿತ್ತು ಎಂದು ನ್ಯೂಜಿಲೆಂಡಿನ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ.