‘ವಿಶೇಷ ವಿಷಯ–2’ ಅಂದರೆ ಯಾವ ವಿಷಯ?

ಪದವಿ ಕಾಲೇಜಿನಲ್ಲಿ ಅಧ್ಯಾಪಕರು ತಾವೇ ಆರಿಸಿದ ವಿಷಯದ ಮೇಲೆ ನಡೆಸುವ ಸೆಮಿನಾರ್ ಪತ್ರಿಕೆಗೆ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯಲ್ಲಿ ಸಿಗುವ ಸಾಲು ಹೀಗಿರುತ್ತದೆ: ‘ವಿಶೇಷ ವಿಷಯ ಸೆಮಿನಾರ್–2, ಕ್ರೆಡಿಟ್ 3’. ಹುಡುಗಿ ಓದಿದ್ದು ಲಕ್ಕುಂಡಿಯ ಶಾಸನಗಳನ್ನೋ, ಬ್ಯಾಡಗಿ ಮೆಣಸಿನಕಾಯಿ ವಹಿವಾಟನ್ನೋ, ಕಪ್ಪತಗುಡ್ಡದ ಸಸ್ಯಗಳನ್ನೋ, ಅದರಿಂದ ಗೊತ್ತಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸ್ವಾಯತ್ತ ಕಾಲೇಜೊಂದು ತನ್ನ ಸೆಮಿನಾರ್ ನಿಯಮ ತಿದ್ದಲು ಹೊರಟರೆ ಮೊದಲು ಕೈಹಾಕಬೇಕಾದ್ದು ಈ ಒಂದು ಸಾಲಿಗೆ. ಈ ಸಾಲು ಹೀಗೆ ಖಾಲಿಯಾಗಿ ಉಳಿದದ್ದಕ್ಕೆ ಒಂದು ಚರಿತ್ರೆಯೇ ಇದೆ.

ಸೆಮಿನಾರ್ ಎನ್ನುವುದು 19ನೇ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಪದ್ಧತಿ. ಬರ್ಲಿನ್ನಿನಲ್ಲಿ ಇತಿಹಾಸಕಾರ ರಾಂಕೆ ಬೆರಳೆಣಿಕೆಯ ಶಿಷ್ಯರನ್ನು ಕೂರಿಸಿಕೊಂಡು ಮೂಲ ದಾಖಲೆಗಳನ್ನು ಓದಿಸುತ್ತಿದ್ದರು. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನೂ 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನೂ ಕಂಡ ಧಾರವಾಡಕ್ಕೆ ದಾಖಲೆ ಮುಂದಿಟ್ಟುಕೊಂಡು ಕೂರುವ ಈ ರೀತಿ ಅಪರಿಚಿತವೇನಲ್ಲ. ಆದರೆ ಅದು ಸ್ನಾತಕೋತ್ತರ ವಿಭಾಗಗಳ ಮಾತು. ಸಂಯೋಜಿತ ಪದವಿ ಕಾಲೇಜಿನ ಅಧ್ಯಾಪಕರಿಗೆ ಪಠ್ಯಕ್ರಮ ಮೇಲಿನಿಂದ ಬರುತ್ತಿತ್ತು. ತಮಗೆ ಗೊತ್ತಿದ್ದ ವಿಷಯವನ್ನು ಕ್ರೆಡಿಟ್ ಕೊಟ್ಟು ಕಲಿಸುವ ಅಧಿಕಾರ ಅವರಿಗಿರಲಿಲ್ಲ.

ಆ ಬಾಗಿಲು ತೆರೆದದ್ದು ಸ್ವಾಯತ್ತತೆ, ಅಂದರೆ ಕಾಲೇಜು ತನ್ನ ಪಠ್ಯವನ್ನೂ ಪರೀಕ್ಷೆಯನ್ನೂ ತಾನೇ ರೂಪಿಸಿಕೊಳ್ಳುವ ಅಧಿಕಾರ. 1964–66ರ ಕೊಠಾರಿ ಆಯೋಗದ ಶಿಫಾರಸಿನಂತೆ 1978ರಲ್ಲಿ ದೇಶದ ಮೊದಲ ಸ್ವಾಯತ್ತ ಕಾಲೇಜುಗಳು ಬಂದವು. ಹುಬ್ಬಳ್ಳಿ ವಿದ್ಯಾನಗರದ ಪಿ.ಸಿ. ಜಾಬಿನ್ ಕಾಲೇಜಿನಂಥವು ಮುಂದೆ ಆ ದಾರಿ ಹಿಡಿದವು. 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿ ಬಂತು. 2021–22ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಜಾರಿಗೆ ತಂದು, ಮುಕ್ತ ಆಯ್ಕೆಯ ಪತ್ರಿಕೆಗಳನ್ನು ತಲಾ 3 ಕ್ರೆಡಿಟ್, 40 ಆಂತರಿಕ, 60 ಪರೀಕ್ಷೆ ಎಂಬ ಅಚ್ಚಿಗೆ ಹಾಕಿತು. 2024ರ ಮೇ ತಿಂಗಳಲ್ಲಿ ಸರ್ಕಾರ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಂಥ ಪ್ರತಿ ತಿರುವಿನಲ್ಲೂ ಸೆಮಿನಾರ್ ಪತ್ರಿಕೆಗೆ ಹೊಸ ಹೆಸರು, ಹೊಸ ಕೋಡ್ ಬೇಕಾಗುತ್ತದೆ. ಒಳಗಿನ ನಿಯಮ ಮಾತ್ರ ಹಳೆಯದೇ ಉಳಿದುಬಿಡುತ್ತದೆ. ಗೋಡೆಗೆ ಸುಣ್ಣ ಹೊಡೆದರೆ ಸೂರು ಸೋರುವುದು ನಿಲ್ಲುವುದಿಲ್ಲವಲ್ಲ.

ಸೋರುವ ಮೊದಲ ಜಾಗ ಕೋಡ್. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಆಗಲಿ, ಕಾಲೇಜಿನದೇ ಪರೀಕ್ಷಾ ತಂತ್ರಾಂಶವಾಗಲಿ ಪತ್ರಿಕೆಯನ್ನು ಗುರುತಿಸುವುದು ಕೋಡಿನಿಂದ. ‘ವಿಶೇಷ ವಿಷಯ’ ಎಂಬ ಒಂದೇ ಕೋಡಿನಡಿ ಒಬ್ಬ ವಿದ್ಯಾರ್ಥಿ ಐದನೇ ಸೆಮಿಸ್ಟರ್‌ನಲ್ಲಿ ಶಾಸನ, ಆರರಲ್ಲಿ ಸಹಕಾರ ಚಳವಳಿ ತೆಗೆದುಕೊಂಡರೆ, ಎರಡನೆಯದು ಮೊದಲನೆಯದರ ಪುನರಾವರ್ತನೆ ಎಂದು ದಾಖಲಾಗಿ 6 ಕ್ರೆಡಿಟ್ 3ಕ್ಕೆ ಇಳಿಯುವ ಅಪಾಯವಿದೆ. 2021ರಿಂದ ಬಂದ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೂ ಆ ತಪ್ಪೇ ಹೋಗುತ್ತದೆ. ಪರಿಹಾರ ಸರಳ: ಮೂಲ ಕೋಡಿಗೆ ವಿಷಯಕ್ಕೊಂದರಂತೆ ಬಾಲದಕ್ಷರ ಕೊಡುವುದು, ಪೂರ್ಣ ಶೀರ್ಷಿಕೆ ಅಂಕಪಟ್ಟಿಯಲ್ಲಿ ಮುದ್ರಣವಾಗಲೇಬೇಕು ಎಂದು ಬರೆಯುವುದು. ತಂತ್ರಾಂಶ ಶೀರ್ಷಿಕೆಗೆ ಎಷ್ಟು ಅಕ್ಷರ ಬಿಡುತ್ತದೆಂದು ಪರೀಕ್ಷಾ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ‘ಕಣಗಿನಹಾಳದಿಂದ ಇಂದಿನವರೆಗೆ: ಕೃಷಿ ಸಹಕಾರ ಸಂಘಗಳು’ ಎಂಬುದು ಅರ್ಧಕ್ಕೇ ತುಂಡಾಗುತ್ತದೆ.

ಎರಡನೆಯದು ತರಗತಿಯ ವಿದ್ಯಾರ್ಥಿ ಸಂಖ್ಯೆ. ಇಲ್ಲಿ ಕುಳಿತು ಲೆಕ್ಕ ಹಾಕಬೇಕು. 3 ಕ್ರೆಡಿಟ್ ಅಂದರೆ ವಾರಕ್ಕೆ 3 ಗಂಟೆ, 15 ವಾರ, ಒಟ್ಟು 45 ಗಂಟೆ. ಒಬ್ಬರ ಮಂಡನೆಗೆ 30 ನಿಮಿಷ, ಚರ್ಚೆಗೆ 15 ನಿಮಿಷ ಎಂದಿಟ್ಟುಕೊಂಡರೆ 60 ಜನರ ತರಗತಿಯಲ್ಲಿ ಮಂಡನೆಗಳೇ 45 ಗಂಟೆ ತಿನ್ನುತ್ತವೆ. ಕಲಿಸಲು ಒಂದು ನಿಮಿಷವೂ ಉಳಿಯುವುದಿಲ್ಲ. ಆಗ ನಾಲ್ಕು ನಾಲ್ಕು ಜನರ ಗುಂಪು ಮಾಡುತ್ತಾರೆ. ಒಬ್ಬ ಸ್ಲೈಡ್ ಮಾಡಿ, ಇನ್ನೊಬ್ಬ ಓದಿ, ಉಳಿದಿಬ್ಬರು ಪಕ್ಕದಲ್ಲಿ ನಿಂತು ನಾಲ್ವರಿಗೂ ಒಂದೇ ಅಂಕ. ತರಗತಿಯ ಮಿತಿ 24 ಜನ ಎಂದರೆ ಮಂಡನೆಗೆ 18 ಗಂಟೆ ಸಾಕು. ಉಳಿದ 27ರಲ್ಲಿ 12 ಗಂಟೆ ಅಧ್ಯಾಪಕರ ಪೀಠಿಕೆಗೆ, 9 ಮೂಲ ಸಾಮಗ್ರಿ ಓದಿಗೆ, 6 ಕರಡು ತಿದ್ದಲು. ನಿಯಮದಲ್ಲಿ ಬರೀ ‘ಸೂಕ್ತ ಸಂಖ್ಯೆ’ ಎಂದು ಬರೆದರೆ ಅದು 60 ಎಂದೇ ಆಗುತ್ತದೆ.

ಮಿತಿ ಕಡಿಮೆಯಾದರೆ ತರಗತಿ ಹೆಚ್ಚು, ಕಾರ್ಯಭಾರದ ತಕರಾರು ಹೆಚ್ಚು. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ ಇದೆ. ಸೆಮಿನಾರಿನ 3 ಗಂಟೆ ಈ ಲೆಕ್ಕಕ್ಕೆ ಸೇರುತ್ತದೆಂದು ಸ್ಪಷ್ಟವಾಗಿ ಬರೆಯದಿದ್ದರೆ ಅದು ಉತ್ಸಾಹಿಗಳ ಮೇಲೆ ಹೊರಿಸಿದ ಬಿಟ್ಟಿ ಕೆಲಸವಾಗುತ್ತದೆ. ಅತಿಥಿ ಉಪನ್ಯಾಸಕರು ನಡೆಸುವ ಸೆಮಿನಾರಿನ ಗತಿ ಇನ್ನೂ ನಾಜೂಕು: ಅವರು ಕಾಲೇಜು ಬಿಟ್ಟ ವರ್ಷ ಪತ್ರಿಕೆಯೂ ಹೋಗುತ್ತದೆ, ಅನುತ್ತೀರ್ಣನಾದ ಹುಡುಗ ಉಳಿಯುತ್ತಾನೆ. ಅವನಿಗೆ ಪ್ರಶ್ನೆ ತೆಗೆಯುವವರು ಯಾರು? ಪಠ್ಯಸೂಚಿ, ಓದಿನ ಪಟ್ಟಿ, ಒಂದು ಮಾದರಿ ಪ್ರಶ್ನೆಪತ್ರಿಕೆ, ಅಂಕ ಹಂಚಿಕೆಯ ಹಾಳೆ ಈ ನಾಲ್ಕನ್ನೂ ಸೆಮಿಸ್ಟರ್ ಆರಂಭದಲ್ಲೇ ವಿಭಾಗದ ಕಡತಕ್ಕೆ ಕೊಡಿಸಿಕೊಂಡರೆ ಬೇರೆಯವರು ಎರಡು ಬಾಕಿ ಪರೀಕ್ಷೆ ನಡೆಸಿಕೊಡಬಹುದು.

ಅನುಮೋದನೆಯ ಹಾದಿ ಆಯಾ ವಿಷಯದ ಪಠ್ಯ ನೋಡುವ ಅಧ್ಯಯನ ಮಂಡಳಿಯಿಂದ ಇಡೀ ಕಾಲೇಜಿನ ವಿದ್ಯಾವಿಷಯಕ ಪರಿಷತ್ತಿಗೆ. ಪರಿಷತ್ತು ವರ್ಷಕ್ಕೆ ಒಂದೆರಡು ಸಲ ಸೇರುವುದರಿಂದ, ವಿಷಯ ಮೊದಲು ಓಡಿ ಮಂಜೂರಾತಿ ಹಿಂದಿನಿಂದ ಬರುತ್ತದೆ. ಇದಕ್ಕೇ ‘ಘಟನೋತ್ತರ ಮಂಜೂರಾತಿ’ ಎಂಬ ಗಂಭೀರ ಹೆಸರು. ಚೌಕಟ್ಟಿಗೆ, ಅಂದರೆ ಕ್ರೆಡಿಟ್, ಮಿತಿ, ಮೌಲ್ಯಮಾಪನಕ್ಕೆ, ಪರಿಷತ್ತು ಒಮ್ಮೆ ಒಪ್ಪಿಗೆ ಕೊಟ್ಟು, ಆಯಾ ವಿಷಯವನ್ನು ಮಂಡಳಿಯೇ ಮಂಜೂರು ಮಾಡುವಂತೆ ಅಧಿಕಾರ ಹಂಚಿದರೆ ಈ ನಾಟಕ ಬೇಕಿಲ್ಲ. ಜೊತೆಗೆ ಅವಧಿ ಮಿತಿ ಇರಲಿ: ಒಂದು ವಿಷಯ ಎರಡು ಸಲ ಓಡಿದ ಮೇಲೆ ಕಾಯಂ ಐಚ್ಛಿಕ ಪತ್ರಿಕೆಯಾಗಬೇಕು, ಇಲ್ಲವೇ ನಿಲ್ಲಬೇಕು. ಒಂದೇ ಸಾಮಗ್ರಿಯನ್ನು ಎಂಟು ವರ್ಷ ಹೇಳಿದರೆ ಅದರಲ್ಲಿ ‘ವಿಶೇಷ’ ಏನಿದೆ?

ಹೊಸ ನಿಯಮ ಮುಂದಿನ ತಂಡದಿಂದ ಜಾರಿಯಾಗಬೇಕು. ನಡುವೆ ಇರುವವರಿಗೆ ಹಳೆಯದೇ. ಆದರೆ ಈಗಾಗಲೇ ‘ವಿಶೇಷ ವಿಷಯ–2’ ಎಂಬ ಅಂಕಪಟ್ಟಿ ಹಿಡಿದುಕೊಂಡು ಹೋದವರಿಗೆ ಪೂರ್ಣ ಶೀರ್ಷಿಕೆಯ ಪ್ರಮಾಣಪತ್ರ ಕೊಡಲು ಒಂದು ಕಲಂ ಸೇರಿಸಬಹುದು. ಅದಕ್ಕೆ ಆ ವರ್ಷದ ಮಂಡಳಿ ನಡಾವಳಿಯಲ್ಲಿ ಶೀರ್ಷಿಕೆ ದಾಖಲಾಗಿರಬೇಕು. ಹಳೆಯ ನಡಾವಳಿ ಪುಸ್ತಕಗಳನ್ನು ತಿದ್ದುಪಡಿ ಸಮಿತಿ ತನ್ನ ಮೊದಲ ಸಭೆಗೇ ತರಿಸಿಕೊಳ್ಳುವುದು ಒಳ್ಳೆಯದು.