ಎರಡೇ ತೋಟಾ, ಅದೂ ಗಡಿಯಾರ ಓಡುವಾಗ

ಟೂಮ್‌ಸ್ಟೋನ್‌ಗೆ ಪ್ರವಾಸ ಹೋಗಿಬಂದವರು ಮರುವಾರ ನನ್ನ ಅಂಗಡಿಗೆ ಬರುತ್ತಾರೆ. ಅರಿಜೋನಾದಲ್ಲಿ ಕೋವಿ ರಿಪೇರಿ ಮಾಡುವವನಿಗೆ ಇದು ಮಾಮೂಲು. ಹಳೇ ಪಶ್ಚಿಮದ ಹೆಸರಾಂತ ಗುಂಡಿನ ಕಾಳಗಕ್ಕೆ ಹೆಸರು ಕೊಟ್ಟ ಓ.ಕೆ. ಕೊರಾಲ್ ನೋಡಿರುತ್ತಾರೆ. 1881ರ ಅಕ್ಟೋಬರ್ 26ರಂದು ಜೂಜುಗಾರ ಡಾಕ್ ಹಾಲಿಡೇ ಉದ್ದ ಕೋಟಿನೊಳಗೆ ಮೋಟು ಜೋಡುನಳಿಗೆ ಕೋವಿ ಇಟ್ಟುಕೊಂಡು ಆ ಕಾಳಗಕ್ಕೆ ನಡೆದ ಕಥೆ ಕೇಳಿರುತ್ತಾರೆ. ಕೌಬಾಯ್ ಆಕ್ಷನ್ ಶೂಟಿಂಗ್ ಪಂದ್ಯಕ್ಕೆ ತಮಗೂ ಅಂಥದ್ದೇ ಬೇಕು.

ಕಳೆದ ತಿಂಗಳು ಬಂದವರು ರಿಟೈರಾದ ಪೋಸ್ಟ್‌ಮ್ಯಾನ್. ಹೊಸ ಜೋಡುನಳಿಗೆ ತಂದಿದ್ದರು. "ನಳಿಗೆ ಎಷ್ಟು ಗಿಡ್ಡ ಮಾಡಬಹುದು?" ಅಂದರು. 18 ಇಂಚಿಗಿಂತ ಗಿಡ್ಡ ಮಾಡಿದರೆ ಫೆಡರಲ್ ಕಾನೂನು ನಮ್ಮಿಬ್ಬರನ್ನೂ ಹಿಡಿಯುತ್ತೆ ಅಂದೆ. "ಹಾಗಾದರೆ ಹದಿನೆಂಟೂಕಾಲು ಮಾಡಿ."

ಅವರ ಕೈಗೆ ಎರಡು ಡಮ್ಮಿ ತೋಟಾ ಕೊಟ್ಟೆ. "ತೆರೆದು, ತುಂಬಿ, ಮುಚ್ಚಿ, ಮತ್ತೆ ತೆರೆದು ಖಾಲಿ ಮಾಡಿ" ಅಂದೆ. ತೆರೆಯಲು ಮೊಣಕಾಲಿನ ಸಹಾಯ ಬೇಕಾಯಿತು. ಒಂದು ತೋಟಾ ನೆಲಕ್ಕೆ ಬಿತ್ತು. ಖಾಲಿ ಮಾಡುವಾಗ ಇನ್ನೊಂದು ಒಳಗೇ ಕೂತಿತು, ಉಗುರಿನಿಂದ ಕೆರೆದು ತೆಗೆದರು. "ಇದಕ್ಕೂ ನಳಿಗೆಗೂ ಏನು ಸಂಬಂಧ?" ಅಂತ ಕೇಳಿದರು.

ಏನೂ ಇಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಕೌಬಾಯ್ ಆಕ್ಷನ್ ಶೂಟಿಂಗ್ ಅಂದರೆ ಹಳೇ ಪಶ್ಚಿಮದ ವೇಷ ಹಾಕಿ, ಆ ಕಾಲದ ಮಾದರಿಯ ಆಯುಧಗಳಿಂದ ಉಕ್ಕಿನ ಗುರಿಗಳಿಗೆ ಹೊಡೆಯುವ ಆಟ. ಇದರ ನಿಯಮ ಮಾಡುವ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ 1987ರಲ್ಲಿ ಶುರುವಾಯಿತು. ಪ್ರತಿ ಸದಸ್ಯನಿಗೂ ಒಂದು ಅಡ್ಡಹೆಸರು, ಒಬ್ಬರದ್ದು ಇನ್ನೊಬ್ಬರಿಗಿಲ್ಲ. ಎರಡು ರಿವಾಲ್ವರ್, ಒಂದು ಲಿವರ್ ರೈಫಲ್, ಒಂದು ಶಾಟ್‌ಗನ್, ಅಂದರೆ ಚರೆ ಕೋವಿ. ಜೋಡುನಳಿಗೆ ಅದರಲ್ಲೊಂದು ಬಗೆ. ಎಲ್ಲಾ ಸಮಯದ ಲೆಕ್ಕ. ಒಂದು ಗುರಿ ತಪ್ಪಿದರೆ 5 ಸೆಕೆಂಡ್ ಸೇರುತ್ತದೆ.

ರಿವಾಲ್ವರ್, ರೈಫಲ್ ಎರಡನ್ನೂ ಮೊದಲೇ ತುಂಬಿಕೊಂಡು ನಿಲ್ಲುತ್ತೀರಿ. ಶಾಟ್‌ಗನ್ ಮಾತ್ರ ಬಾಯಿ ತೆರೆದು, ಖಾಲಿಯಾಗಿ ಮೇಜಿನ ಮೇಲೆ ಮಲಗಿರುತ್ತದೆ. ಅದನ್ನು ಎತ್ತಿಕೊಂಡು, ಬೆಲ್ಟಿನಿಂದ ತೋಟಾ ಕಿತ್ತು ತುಂಬಬೇಕು. ಒಂದು ಸಲಕ್ಕೆ ಎರಡೇ. ನಾಲ್ಕು ಗುರಿ ಇದ್ದರೆ ತುಂಬು, ಹೊಡೆ, ಖಾಲಿ ಮಾಡು, ಮತ್ತೆ ತುಂಬು, ಹೊಡೆ. ಗುರಿ ಇರುವುದು ಹತ್ತು ಹದಿನೈದು ಗಜ ದೂರದಲ್ಲಿ. ಅಷ್ಟು ಹತ್ತಿರದಿಂದ ಚರೆ ಹೊಡೆದು ಒಂದು ತಗಡು ಬೀಳಿಸಲು ಯಾವ ಕೋವಿಯಾದರೂ ಸಾಕು. ಬೀಳದಿದ್ದರೆ ಇನ್ನೊಂದು ಹೊಡೆಯಬಹುದು, ಆದರೆ ಅದಕ್ಕೂ ಮತ್ತೆ ತುಂಬಬೇಕು. ಹೊಡೆಯಲು ಹೋಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಉಳಿದದ್ದೆಲ್ಲಾ ಕೈಗೆಲಸ. ಆದರೂ ಜನ ಕೇಳುವುದು "ಎಷ್ಟು ಜೋರಾಗಿ ಹೊಡೆಯುತ್ತೆ?" ಅಂತ.

ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಹೀಗೆ ಕೆಟ್ಟವನು. ನಾನು ಕೊಡಗಿನವನು. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಈಡು. ಅಲ್ಲಿ ಸಮಾಧಾನವಾಗಿ ತುಂಬಿ, ಉಸಿರು ಹಿಡಿದು, ಒಂದೇ ಈಡಿಗೆ ಕಾಯಿ ಒಡೆದರೆ ಊರೆಲ್ಲಾ ಶಭಾಸ್. ಆ ಬುದ್ಧಿಯಲ್ಲೇ ಇಲ್ಲಿ ನನ್ನ ಮೊದಲ ಕೋವಿ ಆರಿಸಿದೆ. ಬಹಳ ನಿಖರ. ಮೊದಲ ಪಂದ್ಯದಲ್ಲಿ ಒಂದು ಗುರಿಯೂ ತಪ್ಪಲಿಲ್ಲ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನನಗಿಂತ ಎಷ್ಟೋ ಮೊದಲೇ ಮುಗಿಸಿ ನೀರು ಕುಡಿಯುತ್ತಾ ಕೂತಿದ್ದರು. ಅವರ ಕೋವಿ ನೋಡಲು ಗುಜರಿ. ಆದರೆ ನಳಿಗೆ ತೆರೆಯುವ ಲಿವರ್ ಮುಟ್ಟಿದರೆ ತನ್ನ ಭಾರಕ್ಕೇ ತೆರೆದುಕೊಳ್ಳುತ್ತಿತ್ತು.

ಈ ಆಟದಲ್ಲಿ ಖಾಲಿ ತೋಟಾವನ್ನು ತಾನಾಗಿ ಹೊರಗೆಸೆಯುವ ಇಜೆಕ್ಟರ್ ಇರುವ ಜೋಡುನಳಿಗೆ ಬಳಸುವಂತಿಲ್ಲ. ಇದ್ದರೆ ಅದನ್ನು ಕೆಲಸ ಮಾಡದ ಹಾಗೆ ಮಾಡಿಸಬೇಕು. ಅದರ ಬದಲು ಇರುವ ಎಕ್ಸ್‌ಟ್ರಾಕ್ಟರ್ ತೋಟಾವನ್ನು ಒಂಚೂರು ಮೇಲೆತ್ತಿ ಬಿಡುತ್ತದೆ, ಅಷ್ಟೇ. ಆಮೇಲೆ ಮೂತಿ ಮೇಲೆತ್ತಿ ಕೋವಿಯನ್ನು ಹಿಂದಕ್ಕೆ ಒಮ್ಮೆ ಜಾಡಿಸಬೇಕು. ಎರಡೂ ಒಟ್ಟಿಗೆ ಹಾರಿ ಬೀಳಬೇಕು. ಅವು ಬೀಳುವುದು ನಳಿಗೆ ಒಳಗೆ ತೋಟಾ ಕೂರುವ ಚೇಂಬರ್ ನುಣುಪಾಗಿದ್ದರೆ ಮಾತ್ರ. ಕಡಿಮೆ ಬೆಲೆಯ ಹೊಸ ಕೋವಿಗಳ ಚೇಂಬರ್‌ನಲ್ಲಿ ಸಾಮಾನ್ಯವಾಗಿ ಗೀರು ಉಳಿದಿರುತ್ತದೆ. ಈಡು ಹಾರಿದಾಗ ಪ್ಲಾಸ್ಟಿಕ್ ಉಬ್ಬಿ ಆ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಪಾಲಿಶ್ ಬೇಕು. ಪಾಲಿಶ್ ಅಂದರೆ ನುಣುಪು ಮಾಡುವುದು, ದೊಡ್ಡದು ಮಾಡುವುದಲ್ಲ. ಮನೆಯಲ್ಲಿ ಡ್ರಿಲ್ಲಿಗೆ ಉಪ್ಪುಕಾಗದ ಸುತ್ತಿ ಕೊರೆದುಕೊಂಡು ಬಂದವರು ನನ್ನ ಹತ್ತಿರ ಇಬ್ಬರಿದ್ದಾರೆ. ದಯವಿಟ್ಟು ಮೂರನೆಯವರು ನೀವಾಗಬೇಡಿ.

ತೋಟಾ ಕೂಡ ನೋಡಿ ಕೊಳ್ಳಿ. ಗೆರೆಗೆರೆ ಮೈಯದ್ದು ಬೇಡ, ನುಣುಪು ಮೈಯದ್ದು ಇರಲಿ. ಅಗ್ಗದ ಪೆಟ್ಟಿಗೆಗಳಲ್ಲಿ ಬುಡಕ್ಕೆ ಹಿತ್ತಾಳೆ ಬಣ್ಣದ ಉಕ್ಕು ಇರುತ್ತದೆ. ಅದು ಒಮ್ಮೆ ಉಬ್ಬಿದರೆ ಸುಲಭಕ್ಕೆ ಜಾರುವುದಿಲ್ಲ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ.

ಇನ್ನೊಂದು, ಸೇಫ್ಟಿ. ಎಷ್ಟೋ ಜೋಡುನಳಿಗೆಗಳಲ್ಲಿ ಪ್ರತಿ ಸಲ ತೆರೆದಾಗ ಸೇಫ್ಟಿ, ಅಂದರೆ ಟ್ರಿಗರ್ ತಡೆಯುವ ಗುಂಡಿ, ತಾನಾಗಿ ಹಾಕಿಕೊಳ್ಳುತ್ತದೆ. ಬೇಟೆಗೆ ಒಳ್ಳೆಯದೇ. ಪಂದ್ಯದಲ್ಲಿ ಮಾತ್ರ ಎಳೆದ ಟ್ರಿಗರ್ ಅಲ್ಲೇ ನಿಲ್ಲುತ್ತದೆ, ನೀವು ಕಲ್ಲಿನ ಹಾಗೆ ನಿಲ್ಲುತ್ತೀರಿ. ಅದನ್ನು ಕೈಯಿಂದ ಹಾಕುವ ಸೇಫ್ಟಿಯಾಗಿ ಬದಲಿಸಬಹುದು. ಚಿಕ್ಕ ಕೆಲಸ, ಆದರೆ ಗೊತ್ತಿದ್ದವರು ಮಾಡಬೇಕಾದ ಕೆಲಸ.

"ಹಾಗಾದರೆ ಪಂಪ್ ತಗೊಳ್ಳಲಾ? ಐದು ಹಿಡಿಯುತ್ತಲ್ಲ" ಅಂತ ಮುಂದಿನ ಪ್ರಶ್ನೆ. ಪಂಪ್ ಅಂದರೆ ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಬದಲಿಸುವ ಶಾಟ್‌ಗನ್. ಅದರಲ್ಲಿ ಒಪ್ಪುವುದು ಹೊರಗೆ ಕುದುರೆ (ಹ್ಯಾಮರ್) ಕಾಣುವ ವಿಂಚೆಸ್ಟರ್ 1897, ಮತ್ತು ಅದರ ನಕಲುಗಳು. ಜಾನ್ ಬ್ರೌನಿಂಗ್ ಮಾಡಿದ್ದು, 1957ರವರೆಗೆ ಬಂತು. ಒಳ್ಳೆಯ ಕೋವಿ, ವೇಗದ ಕೋವಿ. ಆದರೆ ಐದು ಹಿಡಿಯುವುದು ನಿಮಗೆ ಪ್ರಯೋಜನವಿಲ್ಲ. ಎರಡೇ ಅಂತ ಮೇಲೇ ಹೇಳಿದೆನಲ್ಲ! ಪಳಗಿದವರು ಕೆಳಗಿನ ಕೊಳವೆಗೆ ತುಂಬುವ ತಂಟೆಗೇ ಹೋಗುವುದಿಲ್ಲ, ತೆರೆದ ಕಿಂಡಿಗೆ ನೇರವಾಗಿ ಒಂದೊಂದೇ ಎಸೆಯುತ್ತಾರೆ. ಒಂದು ಎಚ್ಚರಿಕೆ: ಟ್ರಿಗರ್ ಒತ್ತಿ ಹಿಡಿದೇ ಪಂಪ್ ಮಾಡಿದರೆ ಮುಚ್ಚಿದ ಕೂಡಲೇ ಈಡು ಹಾರುತ್ತದೆ. ಅದರ ರಚನೆಯೇ ಹಾಗೆ. ಬೆರಳಿನ ಶಿಸ್ತು ಇಲ್ಲದವರು ಇದರ ಸುದ್ದಿಗೆ ಬರಬೇಡಿ. 1887ರ ಲಿವರ್ ಮಾದರಿಯೂ ನಡೆಯುತ್ತದೆ. ಸಿನಿಮಾದಲ್ಲಿ ಒಂದೇ ಕೈಲಿ ತಿರುಗಿಸಿದ್ದನ್ನು ನೋಡಿ ಅದನ್ನು ಕೊಳ್ಳುವವರಿಗೆ ನಾನು ಏನೂ ಹೇಳುವುದಿಲ್ಲ.

ಕೊನೆಗೆ ಅಜ್ಜನ ಕೋವಿ. ಅಟ್ಟದಿಂದ ಇಳಿಸಿ, ಹಳೇ ಸೀರೆಯಲ್ಲಿ ಮಗುವನ್ನು ಸುತ್ತಿದ ಹಾಗೆ ಕಂಬಳಿಯಲ್ಲಿ ಸುತ್ತಿ ತರುತ್ತಾರೆ. ನನಗೂ ಇಷ್ಟವೇ. ಆದರೆ ನಳಿಗೆ ಮೇಲೆ ಅಲೆಅಲೆಯಾಗಿ ಗೆರೆ ಕಂಡರೆ ಅದು ಡಮಾಸ್ಕಸ್ ಇರಬಹುದು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಅದು ಕರಿಮದ್ದಿನ ಕಾಲದ ಮಾಲು, ಈಗಿನ ಮದ್ದಿನ ಒತ್ತಡಕ್ಕೆ ಮಾಡಿದ್ದಲ್ಲ. ಚೇಂಬರ್ ಕೂಡ ಗಿಡ್ಡ ಇರಬಹುದು. ಈಗಿನ 2¾ ಇಂಚಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಬಾಯಿ ಮಡಚಿರುವುದರಿಂದ ಕೂರುತ್ತದೆ, ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ, ಒತ್ತಡ ಏರುತ್ತದೆ. ಕೆಲವರು ಇಂಥ ಕೋವಿಯನ್ನು ಪರೀಕ್ಷೆ ಮಾಡಿಸಿ, ಹದ ನೋಡಿ ಕರಿಮದ್ದಿನಲ್ಲಿ ಹಾರಿಸುತ್ತಾರೆ, ನಿಜ. ಆದರೆ ಕಣ್ಣಲ್ಲಿ ನೋಡಿ "ಪರವಾಗಿಲ್ಲ" ಅಂತ ನಾನು ಹೇಳುವುದಿಲ್ಲ. ಫೋಟೋ ಕಳಿಸಿದರಂತೂ ಖಂಡಿತ ಹೇಳುವುದಿಲ್ಲ. ಗೋಡೆಗೆ ಹಾಕಿ, ಚೆನ್ನಾಗಿ ಕಾಣುತ್ತೆ.

ಪೋಸ್ಟ್‌ಮ್ಯಾನ್ ನಳಿಗೆ ಕತ್ತರಿಸಲಿಲ್ಲ. ಚೇಂಬರ್ ಪಾಲಿಶ್ ಮಾಡಿ, ಬಿಗಿ ಸಡಿಲಿಸಿ ಕೊಟ್ಟೆ. ದಿನಾ ಸಂಜೆ ಮಂಚದ ಮೇಲೆ ಕಂಬಳಿ ಹಾಸಿ, ಡಮ್ಮಿ ತೋಟಾ ಬೀಳಿಸಿ ಅಭ್ಯಾಸ ಮಾಡುತ್ತಾರಂತೆ. ಮೊನ್ನೆ ಫೋನ್ ಮಾಡಿದ್ದರು. ಡಾಕ್ ಹಾಲಿಡೇ ತರಹದ ಉದ್ದ ಕೋಟು ಹೊಲಿಸಿದ್ದಾರೆ, ಬೆಲ್ಟಿಗೆ ಕೈ ಹಾಕಿದಾಗಲೆಲ್ಲಾ ತೋಟಾದ ಬದಲು ಕೋಟಿನ ಅಂಚು ಸಿಗುತ್ತಿದೆ. "ಇದಕ್ಕೇನು ಮಾಡ್ತೀರಿ?" ಅಂದರು. ಅದು ದರ್ಜಿ ಕೆಲಸ ಅಂದೆ.