ಅತಿವಾಹಕತೆ ಮತ್ತು ಕಾಂತತ್ವ: ಹಗೆತನ ಸಡಿಲಗೊಂಡ ಬಗೆ

ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಂಪುಗೊಳಿಸಿದಾಗ ಅದರ ವಿದ್ಯುತ್ ರೋಧ ಥಟ್ಟನೆ ಇಲ್ಲವಾಗುವುದನ್ನು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ 1911ರಲ್ಲಿ ಕಂಡುಕೊಂಡರು. ರೋಧವಿಲ್ಲದೆ ವಿದ್ಯುತ್ ಹರಿಯುವ ಈ ಗುಣವೇ ಅತಿವಾಹಕತೆ. ಇಂಥ ತಂತಿಯನ್ನು ಸುತ್ತಿ ಪ್ರಬಲ ಕಾಂತ ತಯಾರಿಸುವ ಅವರ ಆಸೆ ಮಾತ್ರ ಕೈಗೂಡಲಿಲ್ಲ. ಅಲ್ಪ ಕಾಂತಕ್ಷೇತ್ರಕ್ಕೇ ಅತಿವಾಹಕತೆ ಅಳಿದುಹೋಗುತ್ತಿತ್ತು. ಕಾಂತತ್ವದೊಂದಿಗಿನ ಹಗೆತನಕ್ಕೆ ಒಳಗಿನ ಒಂದು ಕಾರಣ ಸ್ಪಷ್ಟವಾದದ್ದು 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಮಂಡಿಸಿದ ಸಿದ್ಧಾಂತದಿಂದ. ಅದರ ಪ್ರಕಾರ ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಸಾಗುತ್ತವೆ, ಜೋಡಿಯ ಎರಡರ ಸ್ಪಿನ್‌ಗಳು (ಎಲೆಕ್ಟ್ರಾನನ್ನು ಪುಟ್ಟ ಕಾಂತದಂತಾಗಿಸುವ ಗುಣ) ಪರಸ್ಪರ ವಿರುದ್ಧವಾಗಿರುತ್ತವೆ; ಕಾಂತತ್ವವೋ ಎಲ್ಲ ಸ್ಪಿನ್‌ಗಳನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಎರ್ಬಿಯಂ, ರೋಡಿಯಂ, ಬೋರಾನ್ ಕೂಡಿದ ಸಂಯುಕ್ತವೊಂದು 8.7 ಕೆಲ್ವಿನ್ ಬಳಿ ಅತಿವಾಹಕವಾಗಿ, 1 ಕೆಲ್ವಿನ್‌ಗಿಂತ ತುಸು ಕೆಳಗೆ ತಾನೇ ಫೆರೋಕಾಂತವಾಗಿ, ಎಂದರೆ ಕಬ್ಬಿಣದಂಥ ಕಾಂತವಾಗಿ, ಅತಿವಾಹಕತೆಯನ್ನು ಕಳೆದುಕೊಂಡದ್ದು 1977ರಲ್ಲಿ ವರದಿಯಾದಾಗ ಈ ಹಗೆತನ ಖಚಿತವೆನಿಸಿತು.

ಆದರೆ ಎರಡೇ ವರ್ಷಗಳಲ್ಲಿ ಜರ್ಮನ್ ಭೌತವಿಜ್ಞಾನಿ ಫ್ರಾಂಕ್ ಸ್ಟೆಗ್ಲಿಚ್ ಮತ್ತು ಸಂಗಡಿಗರು ಸೀರಿಯಂ, ತಾಮ್ರ, ಸಿಲಿಕಾನ್‌ಗಳ ಸಂಯುಕ್ತದಲ್ಲಿ, ಸೀರಿಯಂ ಪರಮಾಣುಗಳು ಕಾಂತೀಯವಾಗಿದ್ದರೂ, ಅತಿವಾಹಕತೆಯನ್ನು ಕಂಡರು. ಆಗ ಅದನ್ನು ನಂಬಿದವರು ಕಡಿಮೆ.

ನಿಜವಾದ ತಿರುವು ಒತ್ತಡದಿಂದ ಬಂತು. ಯುರೇನಿಯಂ ಮತ್ತು ಜರ್ಮೇನಿಯಂನ ಒಂದು ಸಂಯುಕ್ತ ಸಾಮಾನ್ಯ ಒತ್ತಡದಲ್ಲಿ 52 ಕೆಲ್ವಿನ್‌ಗಿಂತ ಕೆಳಗೆ ಫೆರೋಕಾಂತ. ದ್ರವ ತುಂಬಿದ ಪುಟ್ಟ ಕೋಶದಲ್ಲಿ ಅದರ ಹರಳನ್ನಿಟ್ಟು, ವಾಯುಮಂಡಲದ ಹತ್ತು ಸಾವಿರ ಪಟ್ಟು ಮೀರಿದ ಒತ್ತಡ ಹೇರಿದಾಗ, 1 ಕೆಲ್ವಿನ್‌ಗಿಂತ ಕೆಳಗೆ ಅದು ಅತಿವಾಹಕವೂ ಆಯಿತೆಂದು 2000ದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಫ್ರಾನ್ಸ್‌ನ ಗ್ರೆನೋಬಲ್‌ನ ಸಂಶೋಧಕರು ವರದಿ ಮಾಡಿದರು. ಒತ್ತಡವನ್ನು ಸುಮಾರು 1.6 ಗಿಗಾಪಾಸ್ಕಲ್‌ಗೆ (ವಾಯುಮಂಡಲದ ಸುಮಾರು ಹದಿನಾರು ಸಾವಿರ ಪಟ್ಟು) ಏರಿಸಿ ಫೆರೋಕಾಂತತೆಯನ್ನು ಅಳಿಸಿದರೆ ಅತಿವಾಹಕತೆಯೂ ಅಲ್ಲೇ ಮುಗಿಯುತ್ತದೆ. ಅಂದರೆ ಕಾಂತತ್ವ ಇಲ್ಲಿ ಅತಿವಾಹಕತೆ ಸಹಿಸಿಕೊಂಡ ನೆರೆಯವನಷ್ಟೇ ಅಲ್ಲ, ಬಹುಶಃ ಜೋಡಿಗಳನ್ನು ಬೆಸೆಯುವುದೂ ಅದೇ. ಹಾಗಿದ್ದರೆ ಜೋಡಿಯ ಸ್ಪಿನ್‌ಗಳು ಒಂದೇ ದಿಕ್ಕಿನಲ್ಲಿರಬೇಕು.

ಹೊರಗಿನಿಂದ ಹೇರುವ ಕಾಂತಕ್ಷೇತ್ರದ ಕಥೆ ಇನ್ನೂ ವಿಚಿತ್ರ. ಯುರೇನಿಯಂ, ರೋಡಿಯಂ, ಜರ್ಮೇನಿಯಂ ಸೇರಿದ ಮತ್ತೊಂದು ಹರಳಿನಲ್ಲಿ 2 ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಆಸುಪಾಸಿನಲ್ಲಿ ಅಳಿದ ಅತಿವಾಹಕತೆ 8ರಿಂದ 13 ಟೆಸ್ಲಾ ನಡುವೆ ಮರಳಿ ಬಂದುದನ್ನು 2005ರಲ್ಲಿ ಗ್ರೆನೋಬಲ್ ತಂಡ ಪ್ರಕಟಿಸಿತು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಎಂಬುದನ್ನು ಇಲ್ಲಿ ನೆನೆಯಬಹುದು. ಯುರೇನಿಯಂ ಮತ್ತು ಟೆಲ್ಯುರಿಯಂನ ಸಂಯುಕ್ತವಾದ ಯುರೇನಿಯಂ ಡೈಟೆಲ್ಯುರೈಡ್‌ನಲ್ಲಂತೂ, 2019ರ ವರದಿಯಂತೆ, ಕ್ಷೇತ್ರವನ್ನು ಹರಳಿನ ಒಂದು ನಿರ್ದಿಷ್ಟ ಕೋನಕ್ಕೆ ಹೊಂದಿಸಿದರೆ 40 ಟೆಸ್ಲಾ ದಾಟಿದ ಮೇಲೆ ಅತಿವಾಹಕತೆ ಹೊಸದಾಗಿ ಹುಟ್ಟುತ್ತದೆ. ಆ ಹಂತದ ಜೋಡಿಗಳ ಸ್ವರೂಪವೇನೆಂಬ ಚರ್ಚೆ ಇನ್ನೂ ಇತ್ಯರ್ಥವಾಗಿಲ್ಲ.